641ರ ಬೆಂಚು

ಆಗ ನಾನು ಹತ್ತನೇ ತರಗತಿ. ಗದಗ-ಬೆಟಗೇರಿಯ ನಮ್ಮ ಶಾಲೆ ಶನಿವಾರ ಮುಂಜಾನೆಯಷ್ಟೇ ಇರುತ್ತಿತ್ತು. ಕೊನೆಯ ತಾಸು ಗಣಿತ, ನಮ್ಮ ಕಿವಿಯೆಲ್ಲ ಗಂಟೆಯ ಕಡೆ. ಅಂಥ ಒಂದು ಶನಿವಾರ ಮಾಸ್ತರು ಪುಸ್ತಕ ಮುಚ್ಚಿಟ್ಟು ಹಲಗೆಯ ಮೇಲೆ ಒಂದೇ ಸಂಖ್ಯೆ ಬರೆದರು: 4294967297.

“ಇದು ಒಡೀತದೇನು ನೋಡ್ರಿ.”

2, 4, 16, 256, 65536. ಹಿಂದಿನದನ್ನು ಅದರಿಂದಲೇ ಗುಣಿಸುತ್ತ ಹೋಗುವುದು. ಪ್ರತಿಯೊಂದಕ್ಕೂ 1 ಕೂಡಿಸಿದರೆ 3, 5, 17, 257, 65537. ಐದೂ ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಒಡೆಯದ ಸಂಖ್ಯೆಗಳು. ಹೀಗೆ ಬರುವುದೆಲ್ಲ ಅವಿಭಾಜ್ಯವೇ ಅಂತ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದನಂತೆ. ಹಲಗೆಯ ಮೇಲಿದ್ದದ್ದು ಆರನೆಯದು.

ನಾವು 3, 7, 11, 13 ಅಂತ ಭಾಗಿಸುತ್ತ ಕುಳಿತೆವು. ಯಾವುದರಲ್ಲೂ ಹೋಗಲಿಲ್ಲ. ಸಾಕಷ್ಟು ಬೆವರಿಳಿಸಿದ ಮೇಲೆ ಮಾಸ್ತರು ಗುಟ್ಟು ಬಿಟ್ಟರು. ಇದನ್ನು ಒಡೆಯುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಅದು ಸ್ವಿಸ್ ಗಣಿತಜ್ಞ ಆಯ್ಲರ್ ಕಂಡುಕೊಂಡದ್ದು. ಅಂಥವುಗಳಲ್ಲಿ ಮೊದಲ ಐದು 193, 257, 449, 577, 641. ಬೆಂಚಿಗೊಂದು ಹಂಚಿದರು. ನಮ್ಮ ಕೊನೆಯ ಬೆಂಚಿಗೆ 641.

4294ರಲ್ಲಿ ಆರು ಸಲ, ಉಳಿದದ್ದು 448. ಕೆಳಗೆ 9 ಇಳಿಸಿದರೆ 4489. ಏಳು ಸಲ, 4487 ಹೋಗಿ ಉಳಿದದ್ದು ಬರೀ 2. ಮುಂದೆ 26, ಆಮೇಲೆ 267, ಎರಡೂ 641ಕ್ಕಿಂತ ಸಣ್ಣವು. ಆಮೇಲೆ ನಾಲ್ಕು ಸಲ, ಒಂದು ಸಲ. ಶೇಷ ಮತ್ತೆ ಅದೇ 448! ಕೊನೆಯ 7 ಇಳಿಸಿದೆ. 4487. ಮೇಲೆ ಬರೆದಿದ್ದ ಅದೇ ಸಂಖ್ಯೆ. ಶೇಷ ಸೊನ್ನೆ.

“ಸರ್, ಒಡೀತ್ರಿ!” ಅಂತ ಎದ್ದು ನಿಂತು ಕೂಗಿದೆ. “670417!”

“ತಿರುಗಿ ಗುಣಿಸು” ಅಂದರು.

ಗುಣಿಸಿದರೆ ಬಂದದ್ದು 429737297. ಒಂದು ಅಂಕಿಯೇ ಕಡಿಮೆ. ಮಾಸ್ತರು ನನ್ನ ನೋಟುಬುಕ್ಕು ತಿರುಗಿಸಿ ನೋಡಿದರು. 26ಕ್ಕೊಂದು, 267ಕ್ಕೊಂದು ಸೊನ್ನೆ ಬರೆಯಬೇಕಿತ್ತು. ನಾನು ಒಂದೇ ಬರೆದಿದ್ದೆ.

“ನಿಮ್ಮಪ್ಪ ಮಗ್ಗದಾಗ ಒಂದ್ ಎಳಿ ಬಿಟ್ಟರ ಸುಮ್ನ ಬಿಡ್ತಾನೇನಲೇ?”

ಇಡೀ ತರಗತಿ ನಕ್ಕಿತು. ನಕ್ಕವರಲ್ಲಿ ಅರ್ಧದಷ್ಟು ಜನ ನೇಕಾರರ ಮನೆಯವರೇ, ಅದು ಬೇರೆ ಮಾತು. ಆಮೇಲೆ ಅವರೇ ಸರಿಯಾದ ಉತ್ತರ ಬರೆದರು: 641 × 6700417. ಆಯ್ಲರ್ ಇದನ್ನು ಒಡೆದದ್ದು 1732ರಲ್ಲಿ ಅಂತಲೂ ಹೇಳಿದರು. 65537ರ ಆಚೆ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ.

ಈಗ ನನ್ನದು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೆಲಸ. 32 ಬಿಟ್‌ನಲ್ಲಿ, ಅಂದರೆ 0 ಇಲ್ಲವೇ 1 ಕೂರುವ 32 ಮನೆಗಳಲ್ಲಿ, ಹಿಡಿಸುವ ಅತಿ ದೊಡ್ಡ ಪೂರ್ಣ ಸಂಖ್ಯೆ 4294967295. ಅದನ್ನು ಪರದೆಯ ಮೇಲೆ ಕಂಡಾಗಲೆಲ್ಲ ಮನಸ್ಸು ತಾನಾಗಿ ಎರಡು ಕೂಡಿಸುತ್ತದೆ.

ಅವತ್ತು ಗಂಟೆ ಹೊಡೆಯುವಾಗ ಮಾಸ್ತರು ಮನೆಗೆಲಸ ಕೊಟ್ಟಿದ್ದರು: “6700417 ಒಡೀತದೇನು, ಸೋಮವಾರ ಹೇಳ್ರಿ.” ಅದು ಅವಿಭಾಜ್ಯ ಅಂತ ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಸೋಮವಾರದ ಹೊತ್ತಿಗೆ ನಾನು 13ರ ತನಕ ಬಂದಿದ್ದೆ. ಉಳಿದವರು ಪುಸ್ತಕವನ್ನೇ ತೆರೆದಿರಲಿಲ್ಲ.