ಹೂವಿನ ಟೇಪು ಅಂಟಿಸಿದ ಬಲೂನು

ನಮ್ಮ ಅಕ್ಕಲಕೋಟೆ ಕಡೆ ಆಕಾಶದಿಂದ ಸಾಮಾನು ಬಿದ್ದರೂ ಬೀಳಬಹುದು. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನವರ ಬಲೂನ್ ಕೇಂದ್ರ ಇದೆ. ಅಲ್ಲಿಂದ ಹೈಡ್ರೋಜನ್ ತುಂಬಿ ಬಿಡುವ ಭಾರೀ ಬಲೂನುಗಳು 30-40 ಕಿಲೋಮೀಟರ್ ಮೇಲೆ ಹೋಗುತ್ತವೆ. ಕೆಲಸ ಮುಗಿದ ಮೇಲೆ ಯಂತ್ರದ ಪೆಟ್ಟಿಗೆ ಬಣ್ಣದ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಇಳಿಯಬಹುದಾದ ಜಾಗಗಳಲ್ಲಿ ನಮ್ಮ ಸೊಲ್ಲಾಪುರ ಜಿಲ್ಲೆಯ ದಿಕ್ಕೂ ಬರುತ್ತದೆ. ಆದರೆ ಮೊದಲೇ ಪೇಪರಿನಲ್ಲಿ ಹಾಕಿಸುತ್ತಾರೆ: ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ. ಪೆಟ್ಟಿಗೆ ಮೇಲೆ ವಿಳಾಸ, ಫೋನ್ ನಂಬರ್ ಕೂಡ ಇರುತ್ತದೆ. ಮುಗೀತು, ಯಾರೂ ಕಥೆ ಕಟ್ಟುವುದಿಲ್ಲ.

ಮೊನ್ನೆ ಚಹಾದಂಗಡಿಯಲ್ಲಿ ಒಬ್ಬ ಕಾಕಾ ಕೇಳಿದರು, "ಮಾಸ್ತರ್ರ, ಅಮೇರಿಕಾದಾಗ ಹಾರೂ ತಟ್ಟಿ ಬಿದ್ದಿತ್ತಂತಲ್ರೀ, ಸರಕಾರ ಮುಚ್ಚಿಟ್ಟೈತಂತ?"

ಮುಚ್ಚಿಟ್ಟಿದ್ದು ನಿಜ. ಏನನ್ನ ಅನ್ನೋದೇ ಮಜಾ. 1947ರ ಜುಲೈನಲ್ಲಿ ಅಮೇರಿಕಾದ ಊರು ರಾಸ್ವೆಲ್‌ನ ಸೇನೆಯವರೇ "ಹಾರುವ ತಟ್ಟೆ ಸಿಕ್ಕಿದೆ" ಎಂದು ಪ್ರಕಟಣೆ ಕೊಟ್ಟರು. ಒಂದೇ ದಿನದೊಳಗೆ ಮಾತು ತಿರುಗಿಸಿ, ಹವಾಮಾನದ ಬಲೂನು ಅಂದರು. ದನ ಮೇಯಿಸುವ ಹೊಲದಲ್ಲಿ ಸಿಕ್ಕಿದ್ದು ರಬ್ಬರ್ ಚೂರು, ಬೆಳ್ಳಿ ಹಾಳೆ, ಕಟ್ಟಿಗೆ ಕಡ್ಡಿ, ಹೂವಿನ ಚಿತ್ರದ ಟೇಪು. ಆ ಹೂವನ್ನೇ ಮುಂದೆ ಜನ ಅನ್ಯಗ್ರಹದ ಲಿಪಿ ಮಾಡಿಬಿಟ್ಟರು! ಅಸಲಿಗೆ ಅದು ಸೋವಿಯತ್ ಅಣುಬಾಂಬಿನ ಸದ್ದನ್ನು ಮೇಲಿನಿಂದ ಹಿಡಿಯುವ ಗುಟ್ಟಿನ ಯೋಜನೆಯ ಬಲೂನು, ಯೋಜನೆಯ ಹೆಸರು ಮೊಗಲ್. ಇದನ್ನು ವಾಯುಪಡೆ ಬಾಯಿಬಿಟ್ಟು ಹೇಳಿದ್ದು 1994ರಲ್ಲಿ. ಅಷ್ಟರಲ್ಲಿ ಯಾರು ಕೇಳುತ್ತಾರೆ?

ಅಮೇರಿಕಾದ ಗುಟ್ಟಿನ ಬೇಹುಗಾರಿಕೆ ವಿಮಾನ ಯು-2ದ್ದೂ ಹಾಗೇ. 60,000 ಅಡಿ ಮೇಲೆ ಹಾರುವಾಗ ಸಂಜೆ ಬಿಸಿಲಿಗೆ ರೆಕ್ಕೆ ಹೊಳೆಯುತ್ತಿತ್ತು. ಜನ ಹಾರುವ ತಟ್ಟೆ ಕಂಡಿತು ಅಂತ ದೂರು ಬರೆಯುತ್ತಿದ್ದರು. ತನಿಖೆ ಮಾಡುವ ವಾಯುಪಡೆಯವರು ಗುಪ್ತಚರ ಸಂಸ್ಥೆ ಸಿಐಎ ಹತ್ತಿರ ಹಾರಾಟದ ದಾಖಲೆ ತಾಳೆ ನೋಡುತ್ತಿದ್ದರು. ಉತ್ತರ ಗೊತ್ತಾದರೂ ದೂರು ಕೊಟ್ಟವನಿಗೆ ಹೇಳುವಂತಿರಲಿಲ್ಲ. ಸುಮ್ನೆ ಏನೋ ಒಂದು ನೆಪ ಹೇಳಿ ಕಳಿಸಬೇಕು. ಆ ತನಿಖೆಯ ಹೆಸರೇ ಬ್ಲೂಬುಕ್. 1969ರಲ್ಲಿ ಮುಚ್ಚುವ ಹೊತ್ತಿಗೆ 12,618 ದೂರು, ಅದರಲ್ಲಿ 701 ಬಗೆಹರಿದಿರಲಿಲ್ಲ. ನನಗೆ ಆ 701ಕ್ಕಿಂತ, ಉತ್ತರ ಇಟ್ಟುಕೊಂಡೇ ಸುಳ್ಳು ಹೇಳಿದವರ ಬಗ್ಗೆಯೇ ಜಾಸ್ತಿ ಸಿಟ್ಟು ಬರುತ್ತದೆ.

ಅಮೇರಿಕಾದ ಗುಪ್ತಚರ ಇಲಾಖೆಯ 2021ರ ವರದಿಯಲ್ಲಿ ಇಂಥ 144 ಪ್ರಕರಣ ಇದ್ದವು. ಖಚಿತವಾಗಿ ಗುರುತಿಸಿದ್ದು ಒಂದನ್ನೇ. ಅದೂ ಗಾಳಿ ಇಳಿಯುತ್ತಿದ್ದ ಬಲೂನು! 2024ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಪೆಂಟಗಾನ್ ಹಳೆಯ ತನಿಖೆಗಳನ್ನೆಲ್ಲ ತಿರುವಿ ಹಾಕಿ, ಅನ್ಯಗ್ರಹದವರ ಪುರಾವೆ ಎಲ್ಲೂ ಇಲ್ಲ ಅಂದಿತು. ನಾನಂತೂ ನಂಬುತ್ತೇನೆ. ಕಾಕಾಗೂ ಅದನ್ನೇ ಹೇಳಿದೆ.

"ಈಗ ಹಂಗ ಅಂತಾರ್ರೀ," ಅಂದರು, ಬಸಿಯಲ್ಲಿದ್ದ ಚಹಾ ಮುಗಿಸಿ. "ಇನ್ನ 47 ವರ್ಷ ಬಿಟ್ಟು ಏನಂತಾರ ನೋಡೂಣು."