ಮೀಟರ್ ಸೊನ್ನೆ ತೋರಿಸಿದರೂ ನಾರುವ ಕೆಸರು

ಕಲಬುರಗಿ ಭಾಗದ ಕೊಳಚೆ ನೀರು ಶುದ್ಧೀಕರಣ ಘಟಕವೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ಬರುವ ದೂರುಗಳಲ್ಲಿ ನೀರಿನದ್ದಕ್ಕಿಂತ ಕೆಸರಿನ ವಾಸನೆಯದ್ದೇ ಹೆಚ್ಚು. ಡೈಜೆಸ್ಟರ್‌ನಲ್ಲಿ ಗಾಳಿಯಿಲ್ಲದೆ ಜೀರ್ಣವಾಗಿ, ಸೆಂಟ್ರಿಫ್ಯೂಜ್‌ನಲ್ಲಿ ನೀರು ಹಿಂಡಿಸಿಕೊಂಡು ಗಟ್ಟಿ ಮುದ್ದೆಯಾಗಿ ಹೊರಬೀಳುವ ಕೆಸರಿಗೆ, ಅಂದರೆ ಕೇಕ್‌ಗೆ ಮೊದಲ ದಿನ ಹೇಳಿಕೊಳ್ಳುವಂಥ ನಾತವಿರುವುದಿಲ್ಲ. ಅದನ್ನು ಗೊಬ್ಬರಕ್ಕೆಂದು ಒಯ್ದ ತೊಗರಿ ಬೆಳೆಗಾರರೊಬ್ಬರು ಕೆಲವು ದಿನಗಳ ನಂತರ ಬಂದು, "ತಂದ ದಿನ ಏನೂ ಇದ್ದಿಲ್ರಿ ಸಾಹೇಬ್ರ, ಈಗ ಮನಿಮಂದಿ ಹೊಲಕ್ಕ ಹೋಗ್ಲಾಕ ಒಲ್ಲೆ ಅಂತಾರ" ಎಂದರು. ರಾಶಿಯ ಬಳಿ ಹಿಡಿದ ಹೈಡ್ರೋಜನ್ ಸಲ್ಫೈಡ್ ಮೀಟರ್ ಮಾತ್ರ ಸೊನ್ನೆ ತೋರಿಸುತ್ತಿತ್ತು.

ಮೀಟರ್ ಕೆಟ್ಟಿರಲಿಲ್ಲ. ಅದು ಇರುವುದು ಜೀವ ಉಳಿಸುವುದಕ್ಕೆ: ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರು ಭಾಗ) ತಲುಪಿದಾಗ ಮೂಗೇ ಮರಗಟ್ಟುವುದರಿಂದ ತೊಟ್ಟಿಗೆ ಇಳಿಯುವವರು ವಾಸನೆಯನ್ನು ನಂಬುವಂತಿಲ್ಲ. ಆದರೆ ಹಿಂಡಿದ ಕೇಕ್‌ನಲ್ಲಿ ಮುಖ್ಯವಾಗಿ ನಾರುವುದು ಮಿಥೈಲ್ ಮರ್ಕ್ಯಾಪ್ಟನ್, ಡೈಮಿಥೈಲ್ ಸಲ್ಫೈಡ್, ಡೈಮಿಥೈಲ್ ಡೈಸಲ್ಫೈಡ್ ಎಂಬ ಸಾವಯವ ಗಂಧಕ ಸಂಯುಕ್ತಗಳು. ಅಡುಗೆ ಅನಿಲಕ್ಕೆ ವಾಸನೆ ಬರಲೆಂದು ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಕೂಡ ಇದೇ ಮನೆತನದ್ದು. ನೂರು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗವಿದ್ದರೂ ಮಿಥೈಲ್ ಮರ್ಕ್ಯಾಪ್ಟನ್ ಕೊಳೆತ ಎಲೆಕೋಸಿನಂತೆ ಮೂಗಿಗೆ ಬಡಿಯುತ್ತದೆ.

ತಡವಾಗಿ ನಾರುವುದಕ್ಕೆ ಕಾರಣ ಸೆಂಟ್ರಿಫ್ಯೂಜ್‌ನೊಳಗಿದೆ. ವೇಗವಾಗಿ ತಿರುಗುವ ಯಂತ್ರದ ಹೊಡೆತಕ್ಕೆ ಕೆಸರಿನ ಮುದ್ದೆಗಳು ಒಡೆದು, ಅವುಗಳಲ್ಲಿ ಅಡಗಿದ್ದ ಪ್ರೋಟೀನ್ ಹೊರಬರುತ್ತದೆ. ಬ್ಯಾಕ್ಟೀರಿಯಾಗಳು ಅದರಲ್ಲಿನ ಮಿಥಿಯೋನಿನ್ ಎಂಬ ಅಮೈನೋ ಆಮ್ಲವನ್ನು ಮುರಿದು ಮಿಥೈಲ್ ಮರ್ಕ್ಯಾಪ್ಟನ್ ಬಿಡುತ್ತವೆ. ಡೈಜೆಸ್ಟರ್‌ನಲ್ಲಿ ಇಂಥ ಸಂಯುಕ್ತಗಳನ್ನು ತಿಂದು ಮುಗಿಸುತ್ತಿದ್ದ ಮೀಥೇನ್ ಉತ್ಪಾದಕ ಜೀವಿಗಳು ಅದೇ ಹೊಡೆತಕ್ಕೆ ಸೊರಗಿರುವುದರಿಂದ, ಅವು ಚೇತರಿಸಿಕೊಳ್ಳುವವರೆಗೆ ವಾಸನೆ ಏರುತ್ತಲೇ ಹೋಗಿ, ಬಳಿಕ ತಾನಾಗಿಯೇ ಇಳಿಯುತ್ತದೆ. ನಡುವೆ ರಾಶಿಯನ್ನು ಕೆದಕಿದರೆ ಒಳಗಿನ ಅನಿಲ ಒಮ್ಮೆಲೇ ಹೊರನುಗ್ಗುತ್ತದೆ, ಮರ್ಕ್ಯಾಪ್ಟನ್‌ನ ಒಂದಷ್ಟು ಭಾಗ ಗಾಳಿ ತಾಗಿ ಡೈಸಲ್ಫೈಡ್ ಆಗುತ್ತದೆ.

ಸಾಗಣೆ ವೆಚ್ಚ ನೋಡುವವರು ಕೇಕ್ ಇನ್ನಷ್ಟು ಒಣಗಿರಲಿ ಎನ್ನುತ್ತಾರೆ. ತೂಕದ ಲೆಕ್ಕ ಸರಿಯೇ; ಆದರೆ ಅದಕ್ಕಾಗಿ ಯಂತ್ರದ ವೇಗವನ್ನೂ, ಕೆಸರಿನ ಕಣಗಳನ್ನು ಒಟ್ಟುಗೂಡಿಸಲು ಬೆರೆಸುವ ಪಾಲಿಮರ್ ರಾಸಾಯನಿಕವನ್ನೂ ಹೆಚ್ಚಿಸಿದಷ್ಟೂ ನಾತದ ಕಚ್ಚಾವಸ್ತು ಹೆಚ್ಚುತ್ತದೆ ಎಂಬುದು ಆ ಲೆಕ್ಕದಲ್ಲಿ ಇರುವುದಿಲ್ಲ. ಸುಣ್ಣ ಬೆರೆಸುವುದೂ ಪೂರ್ಣ ಪರಿಹಾರವಲ್ಲ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 12ರ ಸುಮಾರಿಗೆ ಏರಿದಾಗ ಸಲ್ಫೈಡ್ ಅನಿಲವಾಗದೆ ಕೇಕ್‌ನಲ್ಲೇ ಉಳಿದು ಜೀವಿಗಳ ಕೆಲಸ ನಿಲ್ಲುವುದು ನಿಜವಾದರೂ, ಬದಲಿಗೆ ಅಮೋನಿಯಾ ಏಳುತ್ತದೆ, ಜೊತೆಗೆ ಮೀನಿನ ವಾಸನೆಯ ಟ್ರೈಮಿಥೈಲ್ ಅಮೀನ್ ಹೊರಬರುತ್ತದೆ; ಸುಣ್ಣ ಸಾಲದೆ ಪಿಎಚ್ ಮತ್ತೆ ಇಳಿದರೆ ಹಳೆಯ ನಾತವೂ ಮರಳುತ್ತದೆ. ಫೆರಿಕ್ ಕ್ಲೋರೈಡ್ ಸಲ್ಫೈಡನ್ನು ಕಪ್ಪು ಕಬ್ಬಿಣದ ಸಲ್ಫೈಡಾಗಿ ಕಟ್ಟಿಹಾಕುತ್ತದೆ, ಮರ್ಕ್ಯಾಪ್ಟನ್ ಮಾತ್ರ ಅದಕ್ಕೆ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ.

ಹಾಗಾಗಿ ಕೇಕ್ ಹೊರಬಿದ್ದ ದಿನದ ವಾಸನೆಯನ್ನು ಆಧರಿಸಿ ನಾನು ಯಾವ ಅಭಿಪ್ರಾಯವನ್ನೂ ಬರೆಯುವುದಿಲ್ಲ. ಮಾದರಿಯನ್ನು ಬಾಟಲಿಯಲ್ಲಿ ಭದ್ರವಾಗಿ ಮುಚ್ಚಿ, ಕೋಣೆಯ ಉಷ್ಣತೆಯಲ್ಲೇ ಇಟ್ಟು, ಮೇಲಿನ ಖಾಲಿ ಜಾಗದ ಗಾಳಿಯನ್ನು ದಿನವೂ ಪರೀಕ್ಷಿಸಿದರೆ ಏರಿಳಿತ ತಿಳಿಯುತ್ತದೆ. ಪಾಲಿಮರ್ ಪ್ರಮಾಣ ಅಥವಾ ಯಂತ್ರದ ವೇಗ ಬದಲಾದಾಗ ಹೊಸ ಬಾಟಲಿ ಇಡಲೇಬೇಕು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಜೀವಿಗಳು ಚುರುಕಾಗಿರುವುದರಿಂದ ಚಳಿಗಾಲದ ಫಲಿತಾಂಶವನ್ನು ಮೇ ತಿಂಗಳಿಗೆ ಅನ್ವಯಿಸಲಾಗದು.

ತೊಂದರೆಯೆಂದರೆ, ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ತೊಗರಿ ಬಿತ್ತನೆ ಮುಂಗಾರಿನ ಮಳೆ ಬಿದ್ದ ಮೇಲೆ. ಅಲ್ಲಿಯವರೆಗೆ ರೈತರು ಗೊಬ್ಬರವನ್ನು ಬದುವಿನ ಪಕ್ಕ ಕುಪ್ಪೆ ಹಾಕುವುದರಿಂದ, ನಾತ ಏರುವ ದಿನಗಳೆಲ್ಲ ಅವರ ಹೊಲದಲ್ಲೇ ಕಳೆಯುತ್ತವೆ. ಕೂಡಲೇ ಹರಡಿ ಮಣ್ಣಿನಲ್ಲಿ ಬೆರೆಸಬಲ್ಲವರಿಗೆ ಹೊಸ ಕೇಕ್, ಕುಪ್ಪೆ ಹಾಕುವವರಿಗೆ ಬಾಟಲಿಯಲ್ಲಿ ನಾತ ಇಳಿದದ್ದು ಖಚಿತವಾದ ಹಳೆಯ ಕೇಕ್ ಎಂದು ಲಾರಿಗಳನ್ನು ಬೇರೆ ಮಾಡಿದ್ದೇವೆ. ಇದಕ್ಕೆ ಘಟಕದ ಅಂಗಳದಲ್ಲಿ ಮಳೆನೀರು ತಾಗದ ಜಾಗ ಬೇಕು. ಆ ಜಾಗಕ್ಕಾಗಿ ಬರೆದ ಟಿಪ್ಪಣಿ ಇನ್ನೂ ಕಡತದಲ್ಲಿದೆ.