ತಾತನ ಫೀಲರ್ ಗೇಜ್ ಮತ್ತು ಪಾಂಡವೇಶ್ವರದ ಲಿಬರೇಟರ್‌ಗಳು

ವಿಮಾನಪುರದ ನಮ್ಮ ಹಳೆಯ ಮನೆಯನ್ನು ಖಾಲಿ ಮಾಡುವಾಗ ಅಟ್ಟದ ಮೇಲೆ ಸಿಕ್ಕ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಎಂಜಿನ್ ಭಾಗಗಳ ನಡುವಿನ ಕೂದಲೆಳೆಯಷ್ಟು ಅಂತರವನ್ನು ಅಳೆಯುವ ತಾತನ ಫೀಲರ್ ಗೇಜ್ ಇತ್ತು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳ್ಳನೆಯ ಉಕ್ಕಿನ ಪಟ್ಟಿಗಳ ಮೇಲೆ ಕೊರೆದಿದ್ದ ಅಂಕಿಗಳು ಸವೆದಿದ್ದರೂ ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ, ಏಕೆಂದರೆ ತಾತ ಕಡೆಯವರೆಗೂ ಅವಕ್ಕೆ ಎಣ್ಣೆ ಸವರಿ ಇಡುತ್ತಿದ್ದರು. ಅವರು 1943ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಎಂಜಿನ್ ವಿಭಾಗಕ್ಕೆ ಫಿಟ್ಟರ್ ಆಗಿ ಸೇರಿದವರು. "ಬಿಗಿಯಾಗಿದ್ರೆ ವಾಲ್ವ್ ಸುಟ್ಟೋಗುತ್ತೆ, ಸಡಿಲ ಇದ್ರೆ ಗಡಗಡ ಅನ್ನುತ್ತೆ ಮಗಾ, ನಡುವೆ ಒಂದು ಎಳೆ ಇದೆ, ಅದು ಕೈಗೆ ಗೊತ್ತಾಗಬೇಕು" ಎಂದು ಅವರು ಹೇಳುತ್ತಿದ್ದುದು ಈಗಲೂ ನನ್ನ ಕಿವಿಯಲ್ಲಿದೆ.

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಆರಂಭಿಸಿದ ಆ ಕಾರ್ಖಾನೆಯ ಆಡಳಿತ 1943ರಲ್ಲಿ ಅಮೆರಿಕದ ಸೇನಾ ವಾಯುದಳದ ಕೈಗೆ ಹೋಗಿ, ಹೊಸ ವಿಮಾನ ಕಟ್ಟುವುದಕ್ಕಿಂತ ಯುದ್ಧದಲ್ಲಿ ಸವೆದು ಬಂದ ವಿಮಾನ ಮತ್ತು ಎಂಜಿನ್‌ಗಳನ್ನು ಬಿಚ್ಚಿ ಮರುಜೋಡಿಸುವುದೇ ಅಲ್ಲಿನ ಮುಖ್ಯ ಕೆಲಸವಾಯಿತು. ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿದು ದುರಸ್ತಿಗೆ ಬರುತ್ತಿದ್ದ ಕಾಲವದು. ಕ್ಯಾಟಲೀನಾ, ಡಕೋಟಾ ಮತ್ತು ಲಿಬರೇಟರ್ ಭಾರಿ ಬಾಂಬರ್, ಈ ಮೂರಕ್ಕೂ ಪ್ರಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್ ಎಂಬ ಒಂದೇ ಕುಲದ ಎಂಜಿನ್. ಒಂದೊಂದರಲ್ಲಿ ಹದಿನಾಲ್ಕು ಸಿಲಿಂಡರ್, ಸಿಲಿಂಡರಿಗೆ ಎರಡು ವಾಲ್ವ್. ನಾಲ್ಕು ಎಂಜಿನ್‌ಗಳ ಲಿಬರೇಟರ್‌ನಲ್ಲಿ ಅಂಥ 112 ವಾಲ್ವ್‌ಗಳು, ಪ್ರತಿಯೊಂದಕ್ಕೂ ತಾತ ಹೇಳುತ್ತಿದ್ದ ಆ ಒಂದು ಎಳೆಯ ಅಂತರ. ಆ ಎಳೆಯನ್ನು ನಂಬಿಕೊಂಡು ಜನ ಎಲ್ಲಿಗೆ ಹಾರಿದರು ಎಂಬುದನ್ನು ತಿಳಿಯುವ ಹಂಬಲದಿಂದ ನಾನು ಭಾರತದಿಂದ ಲಿಬರೇಟರ್‌ಗಳನ್ನು ಹಾರಿಸಿದ ಅಮೆರಿಕದ 7ನೇ ಬಾಂಬರ್ ಗ್ರೂಪ್ ಎಂಬ ವಾಯುದಳದ ಚರಿತ್ರೆಯನ್ನು ಓದತೊಡಗಿದೆ.

ಆ ದಳದ ಯುದ್ಧ ಆರಂಭವಾದದ್ದೇ ಆಘಾತದಿಂದ. 1941ರ ಡಿಸೆಂಬರ್ 7ರಂದು ಫಿಲಿಪ್ಪೀನ್ಸ್ ಕಡೆಗೆ ಹೊರಟಿದ್ದ ಅದರ ಕೆಲವು ವಿಮಾನಗಳು ಜಪಾನಿನ ದಾಳಿ ನಡೆಯುತ್ತಿರುವಾಗಲೇ ಹವಾಯಿಗೆ ಬಂದಿಳಿದವು. ಬಳಿಕ ಜಾವಾದಲ್ಲಿ ಕಾದಾಡಿ, ಅದೂ ಕೈಬಿಟ್ಟುಹೋದಾಗ, 1942ರ ಮಾರ್ಚಿನಲ್ಲಿ ಉಳಿದವರು ಭಾರತಕ್ಕೆ ಬಂದರು. ಏಪ್ರಿಲ್ ಆರಂಭದಲ್ಲಿ ಅಮೆರಿಕದ ವಾಯುದಳದ ಜನರಲ್ ಲೂಯಿಸ್ ಬ್ರೆರೆಟನ್ ಸ್ವತಃ ವಿಮಾನವೇರಿ ಬೆರಳೆಣಿಕೆಯ ಬಾಂಬರ್‌ಗಳೊಡನೆ ಪೋರ್ಟ್ ಬ್ಲೇರ್ ಮೇಲೆ ದಾಳಿ ಮಾಡಿದರು. ಜಪಾನೀಯರು ಅಂಡಮಾನನ್ನು ಹಿಡಿದು ಆಗಿನ್ನೂ ಎರಡು ವಾರವೂ ಕಳೆದಿರಲಿಲ್ಲ.

1942ರ ಕೊನೆಯ ಹೊತ್ತಿಗೆ ಲಿಬರೇಟರ್‌ಗಳೊಡನೆ ದಳವು ಬಂಗಾಳದ ಕಲ್ಲಿದ್ದಲು ಸೀಮೆಯ ಪಾಂಡವೇಶ್ವರದಲ್ಲಿ ನೆಲೆ ನಿಂತಿತು. ಅಲ್ಲಿಂದ ರಂಗೂನಿಗೆ ನೇರ ದೂರ ಸುಮಾರು 1,200 ಕಿಲೋಮೀಟರ್. ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಕಾಂಚನಬುರಿಗೆ ಹತ್ತಿರ ಹತ್ತಿರ 1,700. ಬೆಂಗಳೂರಿನಿಂದ ದೆಹಲಿಯವರೆಗೆ ಹಾರಿ, ಎಲ್ಲಿಯೂ ಇಳಿಯದೆ, ಶತ್ರುವಿನ ಗುಂಡುಗಳ ನಡುವೆ ಸುತ್ತು ಹಾಕಿ ಮತ್ತೆ ಬೆಂಗಳೂರಿಗೆ ಬಂದಷ್ಟು ಪಯಣವದು. ಹತ್ತು ಗಂಟೆಗೂ ಮೀರಿದ ಆ ಹಾರಾಟದಲ್ಲಿ ಹತ್ತರಷ್ಟು ಮಂದಿ ಚಳಿ ಹೊಗುವ ಲೋಹದ ಒಡಲಿನಲ್ಲಿ ಕುಳಿತಿರಬೇಕಿತ್ತು. ಬಾಂಬಿನ ಗೂಡಿನ ನಡುವೆ ಓಡಾಡಲು ಒಂದು ಗೇಣಿನಷ್ಟು ಅಗಲದ ಹಾದಿ ಮಾತ್ರ ಇತ್ತು. ಗೂಡಿನ ಬಾಗಿಲು ಅಂಗಡಿಯ ರೋಲಿಂಗ್ ಶಟರಿನಂತೆ ವಿಮಾನದ ಪಕ್ಕೆಗುಂಟ ಮೇಲಕ್ಕೆ ಸರಿಯುತ್ತಿತ್ತು. ದೂರ ಹೆಚ್ಚಾದಂತೆ ಪೆಟ್ರೋಲ್ ಹೆಚ್ಚು, ಬಾಂಬು ಕಡಿಮೆ. ಅವರ ದೊಡ್ಡ ವೈರಿ ಈ ದೂರವೇ ಆಗಿತ್ತೆಂದು ನನಗೆ ಅನ್ನಿಸುತ್ತದೆ.

ಅದೇ ಬಂಗಾಳದ ದಿಗ್ರಿಯಲ್ಲಿ ನೆಲೆಸಿದ್ದ ಬ್ರಿಟಿಷ್ ವಾಯುದಳದ 159ನೇ ಸ್ಕ್ವಾಡ್ರನ್ನಿನ ವಿಂಗ್ ಕಮಾಂಡರ್ ಜೇಮ್ಸ್ ಬ್ಲ್ಯಾಕ್‌ಬರ್ನ್ ಈ ಲೆಕ್ಕವನ್ನೇ ತಪಸ್ಸಿನಂತೆ ಹಿಡಿದವರು. ಎಂಜಿನ್ನನ್ನು ಹೇಗೆ ನಡೆಸಿದರೆ ಎಷ್ಟು ಪೆಟ್ರೋಲ್ ಉಳಿಯುತ್ತದೆ ಎಂದು ಪರೀಕ್ಷಿಸಿ ನೋಡಿ, ಲಿಬರೇಟರ್ ಹೊರಬಹುದಾದ ಬಾಂಬಿನ ತೂಕವನ್ನೂ ಮುಟ್ಟಬಹುದಾದ ದೂರವನ್ನೂ ಅವರು ಹೆಚ್ಚಿಸಿದರು. 1944ರ ಅಕ್ಟೋಬರ್ 27ರಂದು ಅವರ ಮುಂದಾಳತ್ವದಲ್ಲಿ 15 ಲಿಬರೇಟರ್‌ಗಳು ಮಲಯದ ಪೆನಾಂಗ್ ಬಂದರಿನವರೆಗೂ ಹಾರಿ ನೀರಿನಲ್ಲಿ ಹಡಗುಗಳನ್ನು ಒಡೆಯುವ ಸ್ಫೋಟಕ ಮೈನ್‌ಗಳನ್ನು ಹಾಕಿದವು. ಹೋಗಿ ಬರುವ ದೂರ ಸುಮಾರು 4,800 ಕಿಲೋಮೀಟರ್.

ಇಷ್ಟು ಕಷ್ಟಪಟ್ಟು ಮುಟ್ಟಿದ ಗುರಿಯಾದರೂ ಬಹುಪಾಲು ಒಂದು ರೈಲು ಸೇತುವೆ. ಬರ್ಮಾದ ಜಪಾನಿ ಸೇನೆಗೆ ಅನ್ನ, ಮದ್ದುಗುಂಡು ಬರುತ್ತಿದ್ದುದು ಮೀಟರ್ ಗೇಜ್ ಹಳಿಗಳ ಮೇಲೆ. ಆದರೆ ಕೆಲವೇ ಅಡಿ ಅಗಲದ ಸೇತುವೆಗೆ ಸಾವಿರಾರು ಅಡಿ ಎತ್ತರದಿಂದ ಗುರಿಯಿಡುವುದೆಂದರೆ ಮಹಡಿಯ ಮೇಲಿನಿಂದ ಅಂಗಳದ ನೂಲಿಗೆ ಕಲ್ಲೆಸೆದಂತೆ. ಬಹಳಷ್ಟು ಬಾಂಬುಗಳು ಎಡಕ್ಕೋ ಬಲಕ್ಕೋ ಬಿದ್ದು ನದಿಯ ಪಾಲಾಗುತ್ತಿದ್ದವು. 7ನೇ ದಳದ 493ನೇ ಸ್ಕ್ವಾಡ್ರನ್ ಇದಕ್ಕೆ ಬಳಸಿದ್ದು ಅಜಾನ್ ಎಂಬ ಬಾಂಬು. ಅದರ ಬಾಲದಲ್ಲಿ ಉರಿಯುವ ದೀವಟಿಗೆಯೊಂದು ಇರುತ್ತಿತ್ತು. ಬೀಳುತ್ತಿರುವ ಆ ಬೆಳಕನ್ನೇ ದಿಟ್ಟಿಸುತ್ತ ಬಾಂಬರ್ಡಿಯರ್, ಅಂದರೆ ಬಾಂಬು ಹಾಕುವವನು, ರೇಡಿಯೋ ಸಂಕೇತದಿಂದ ಅದನ್ನು ಎಡಕ್ಕೆ ಅಥವಾ ಬಲಕ್ಕೆ ತಿರುಗಿಸಬಹುದಿತ್ತು. ಮುಂದಕ್ಕೆ ಹಿಂದಕ್ಕೆ ಸರಿಸಲು ಆಗುತ್ತಿರಲಿಲ್ಲವಾದರೂ ಉದ್ದನೆಯ ಸೇತುವೆಗೆ ಅಷ್ಟೇ ಸಾಕಾಗಿತ್ತು. ಅನೇಕ ದಾಳಿಗಳನ್ನು ತಾಳಿಕೊಂಡು ನಿಂತಿದ್ದ ಬರ್ಮಾದ ಪಿನ್ಮನಾದ ರೈಲು ಸೇತುವೆ 1944ರ ಡಿಸೆಂಬರ್ 27ರಂದು ಈ ಬಾಂಬುಗಳಿಗೆ ಉರುಳಿತು.

1945ರ ಮಾರ್ಚ್ 19ರಂದು ಥಾಯ್ಲೆಂಡಿನ ರೈಲು ಹಳಿ ಮತ್ತು ಸೇತುವೆಗಳ ಮೇಲೆ ನಡೆಸಿದ ದಾಳಿಗಾಗಿ ಇಡೀ ದಳಕ್ಕೆ ಅಮೆರಿಕ ಸರ್ಕಾರದ ವಿಶೇಷ ಪ್ರಶಸ್ತಿ ಬಂದಿತು. ಆ ಸಾಹಸವನ್ನು ಓದುವಾಗ ಇನ್ನೊಂದು ಸಂಗತಿಯನ್ನು ಪಕ್ಕಕ್ಕೆ ಸರಿಸಲು ನನ್ನಿಂದಾಗಲಿಲ್ಲ. ಬರ್ಮಾ ಮತ್ತು ಸಯಾಮನ್ನು ಜೋಡಿಸುವ 415 ಕಿಲೋಮೀಟರ್ ಹಳಿಯನ್ನು 1943ರಲ್ಲಿ ಮುಗಿಸಿದ್ದು ಯುದ್ಧಕೈದಿಗಳು ಮತ್ತು ಬಲವಂತದಿಂದಲೋ ಆಸೆ ತೋರಿಸಿಯೋ ಕರೆತಂದ ಏಷ್ಯಾದ ಕೂಲಿಗಳು. ಸತ್ತ ಕೈದಿಗಳು 12,000ಕ್ಕೂ ಹೆಚ್ಚು. ಕೂಲಿಗಳ ಸಾವು ಅದರ ಹಲವು ಪಟ್ಟು, ಮತ್ತು ಅವರಲ್ಲಿ ಮಲಯದ ರಬ್ಬರ್ ತೋಟಗಳಿಂದ ಬಂದ ತಮಿಳರು ಬಹಳ ಮಂದಿ ಇದ್ದರು. ಸೇತುವೆಯ ಪಕ್ಕದಲ್ಲೇ ಕೈದಿಗಳ ಶಿಬಿರಗಳಿದ್ದುದರಿಂದ 1944ರ ನವೆಂಬರ್ ಕೊನೆಯಲ್ಲಿ ಅದೇ ಹಳಿಯ, ಕಾಂಚನಬುರಿ ಬಳಿಯ ತಮರ್ಕಾನ್ ಸೇತುವೆಯ ಮೇಲೆ ಮಿತ್ರರಾಷ್ಟ್ರಗಳ ವಿಮಾನಗಳು ಹಾಕಿದ ಬಾಂಬುಗಳಿಗೆ ಅದೇ ಮಿತ್ರರಾಷ್ಟ್ರಗಳ ಸೈನಿಕರು ಬಲಿಯಾದರು. ಕೆಳಗಿದ್ದವರಿಗೆ ಲಿಬರೇಟರಿನ ಸದ್ದು ಬಿಡುಗಡೆಯ ಭರವಸೆಯೂ ಆಗಿತ್ತು, ಪ್ರಾಣಭಯವೂ ಆಗಿತ್ತು. ಎಷ್ಟು ಓದಿದರೂ ನನ್ನ ಮನಸ್ಸು ಬಂದು ನಿಲ್ಲುವುದು ಇಲ್ಲಿಯೇ.

1945ರ ಮೇ ಕೊನೆಗೆ 7ನೇ ದಳ ಬಾಂಬು ಹಾಕುವುದನ್ನು ನಿಲ್ಲಿಸಿತು. ಅಸ್ಸಾಮಿನ ತೇಜಪುರಕ್ಕೆ ಹೋಗಿ, ಹಿಮಾಲಯದ ಪೂರ್ವದ ಅಂಚನ್ನು ದಾಟಿ ಚೀನಾಕ್ಕೆ ಪೆಟ್ರೋಲ್ ಸಾಗಿಸುವ ಕೆಲಸ ಹಿಡಿಯಿತು.

ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಜಖಂಗೊಳಿಸಿ ಬಿಟ್ಟಿದ್ದ ಲಿಬರೇಟರ್‌ಗಳನ್ನು ಹಾರುವಷ್ಟರ ಮಟ್ಟಿಗೆ ಸರಿಪಡಿಸಿ, ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿ ಒಂದೊಂದಾಗಿ ಬೆಂಗಳೂರಿಗೆ ತಂದರು. ನಲವತ್ತರಷ್ಟು ವಿಮಾನಗಳು ನಮ್ಮ ಕಾರ್ಖಾನೆಯಲ್ಲಿ ಮರುಹುಟ್ಟು ಪಡೆದವು. 1948ರ ನವೆಂಬರಿನಲ್ಲಿ ಅವುಗಳಿಂದಲೇ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಕಟ್ಟಲಾಯಿತು. ಯುದ್ಧಕಾಲದಲ್ಲಿ ಬಿಡಿ ಎಂಜಿನ್‌ಗಳನ್ನು ಮಾತ್ರ ನೋಡಿದ್ದ ತಾತ, ನಾಲ್ಕೂ ಎಂಜಿನ್ ಹೊತ್ತ ಇಡೀ ವಿಮಾನದ ಕೆಳಗೆ ನಿಂತದ್ದು ಆಗಲೇ ಮೊದಲಂತೆ. ಅದರ ಬಾಂಬಿನ ಗೂಡಿನೊಳಗೆ ಹತ್ತಿ, ಆ ಗೇಣಗಲದ ಹಾದಿಯ ಮೇಲೆ ಎರಡೂ ಕೈ ಚಾಚಿ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿದೆ ಎಂದು ಅಜ್ಜಿಗೆ ಬಂದು ಹೇಳಿದ್ದರಂತೆ.